ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಹೆಬ್ಬೇವು

ಇಲ್ಲಿ ಬರೆಯುವುದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆ ತಿಂಗಳುಗಳಲ್ಲಿ ನಾನು ದಿನಚರಿ ಇಟ್ಟಿದ್ದೆ, ಆದರೆ ದಿನವೂ ಬರೆದಿಲ್ಲ. ಕೋಪ ಬಂದ ದಿನ ನಾಲ್ಕು ಪುಟ, ಕೆಲಸ ಸರಿಯಾಗಿ ನಡೆದ ದಿನ ಒಂದು ಸಾಲು, ದಣಿದು ಬಂದ ದಿನ ಏನೂ ಇಲ್ಲ. ಹಾಗಾಗಿ ಅದನ್ನು ಓದಿದವರಿಗೆ ಆ ಯೋಜನೆಯಲ್ಲಿ ಇದ್ದವರೆಲ್ಲ ಮೂರ್ಖರು ಎಂದು ಅನ್ನಿಸುತ್ತದೆ. ಮೂರ್ಖರು ಇದ್ದದ್ದು ನಿಜ. ಅವರ ಪೈಕಿ ನಾನೂ ಒಬ್ಬಳೇ ಎಂಬ ಪ್ರಶ್ನೆಗೆ ಮಾತ್ರ ದಿನಚರಿಯಲ್ಲಿ ಉತ್ತರವಿಲ್ಲ.

ಹುಣಸೂರಿನ ಕೈಗಾರಿಕಾ ಪ್ರದೇಶದಲ್ಲಿ ಸರ್ಕಾರ ಒಂದು ಶೆಡ್ ಕಟ್ಟಿಸಿ, ಮರದ ತೊಲೆ ತಯಾರಿಸುವ ಘಟಕ ಎಂದು ಬೋರ್ಡು ಹಾಕಿತ್ತು. ರೈತರು ಹೊಲದ ಬದುವಿನಲ್ಲಿ ಬೆಳೆದ ಹೆಬ್ಬೇವನ್ನು ತೆಳು ಹಲಗೆಯಾಗಿ ಕೊಯ್ದು, ಒಣಗಿಸಿ, ಅಂಟು ಹಚ್ಚಿ ಒಂದರ ಮೇಲೊಂದು ಜೋಡಿಸಿ ಒತ್ತಿದರೆ, ಕಬ್ಬಿಣದ ತೊಲೆ ಮಾಡುವ ಕೆಲಸವನ್ನು ಮರದ ತೊಲೆಯೇ ಮಾಡುತ್ತದೆ. ಬೇರೆ ದೇಶಗಳಲ್ಲಿ ಇಂಥ ತೊಲೆಗಳ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟುತ್ತಾರೆ. ನಾವು ಮೊದಲಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿಗೆ ಆರು ತೊಲೆ ಮಾಡಿ ಚಾವಣಿ ಕೂರಿಸಬೇಕಿತ್ತು. ಮರವಿಜ್ಞಾನ ಓದಿದ್ದ ನಾನು ಅಲ್ಲಿ ಗುತ್ತಿಗೆ ಮೇಲಿನ ತಾಂತ್ರಿಕ ಅಧಿಕಾರಿ. ಆಲೋಚನೆ ಒಳ್ಳೆಯದು, ಈಗಲೂ ಹಾಗೆಂದೇ ನಂಬಿದ್ದೇನೆ. ಅದನ್ನು ಹೊತ್ತು ತಂದವರ ಬಗ್ಗೆ ಹಾಗೆ ಹೇಳಲಾರೆ.

ಮೊದಲು ಬಂದವರು ಸಲಹೆಗಾರರು. ಬೆಂಗಳೂರಿನಿಂದ ಎರಡು ವಾರಕ್ಕೊಮ್ಮೆ ಕಾರಿನಲ್ಲಿ ಬಂದು, ಹಿಮದ ನಡುವೆ ನಿಂತ ಮರದ ಕಟ್ಟಡಗಳ ಚಿತ್ರ ತೋರಿಸಿ, ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತಿದ್ದರು. ಅವರ ಕಚೇರಿಯಲ್ಲಿ ಯಾರೋ ಕನ್ನಡಕ್ಕೆ ತಂದ ಕೈಪಿಡಿಯಲ್ಲಿ 'ಮಾಸ್ ಟಿಂಬರ್' ಎಂಬ ಈ ಹೊಸ ವಸ್ತುವಿನ ಹೆಸರು 'ಸಾಮೂಹಿಕ ಮರ' ಎಂದಿತ್ತು. ನಮ್ಮ ಮೇಸ್ತ್ರಿ ಅದನ್ನು ಓದಿ ಕನ್ನಡಕ ತೆಗೆದರು. ಹುಣಸೂರು ಪೇಟೆಯವರು, ಮೂರು ತಲೆಮಾರಿನಿಂದ ಸಾಮಿಲ್ಲಿನಲ್ಲೇ ಬದುಕಿದ ಮುಸ್ಲಿಂ ಕುಟುಂಬದವರು, ಕೊಯ್ಯುವ ಮೊದಲೇ ಮರದ ಒಳಗಿನ ಗಂಟನ್ನು ಹೇಳಬಲ್ಲವರು.

"ಸಾಮೂಹಿಕ ಮದುವೆ ನೋಡಿದೀನಿ ಮೇಡಂ. ಸಾಮೂಹಿಕ ಮರ ಅಂದ್ರೆ ಏನು? ತಾಳಿ ಯಾರು ಕಟ್ಟೋದು?"

ಸಲಹೆಗಾರರು ನಗಲಿಲ್ಲ. ಅವರು ತರಬೇತಿ ಶುರು ಮಾಡಿದರು. ಬಡಗಿಗಳಿಗೆಲ್ಲ ಒಂದೊಂದು ಟೋಪಿ, ಒಂದೊಂದು ಬ್ಯಾಗು. ಮೂರು ದಿನ ಪರದೆಯ ಮೇಲೆ ಯಂತ್ರಗಳು ಓಡಿದವು; ಶೆಡ್ಡಿನಲ್ಲಿ ಯಾವುದೂ ಓಡಲಿಲ್ಲ. ತೊಲೆ ಒತ್ತಲು ಬಂದ ಯಂತ್ರ ಬಾಗಿಲ ಹಲಗೆ ಒತ್ತುವಂಥದ್ದು, ನಮ್ಮ ತೊಲೆಯ ಅರ್ಧ ಉದ್ದಕ್ಕೂ ಸಾಲದು. ಅದನ್ನು ಮೂಲೆಗೆ ತಳ್ಳಿ, ಮೇಸ್ತ್ರಿ ಕಬ್ಬಿಣದ ಚಾನೆಲ್ಲುಗಳಿಗೆ ಉದ್ದನೆಯ ಬೋಲ್ಟು ಹಾಕಿ ಪದರಗಳನ್ನು ಅದುಮಿ ಹಿಡಿಯುವ ಹಿಡಿಕೆಗಳನ್ನು ತಾವೇ ಮಾಡಿಕೊಂಡರು. ಜಂಟಿ ನಿರ್ದೇಶಕರು ಬಂದಾಗ ಮೂಲೆಯ ಯಂತ್ರದ ಮುಂದೆ ನಿಂತೇ ಫೋಟೋ ತೆಗೆಸಿಕೊಂಡರು. ಇವರು ಇಲಾಖೆಯ ಕಡೆಯಿಂದ ಯೋಜನೆಯ ಮುಖ್ಯಸ್ಥರು. ನಾವು ಸಾಹೇಬರು ಎನ್ನುತ್ತಿದ್ದೆವು.

ಮರ ಒಣಗಿಸುವ ಯಂತ್ರವೂ ಬಂದಿತ್ತು, ದೊಡ್ಡ ಪೆಟ್ಟಿಗೆಯಲ್ಲಿ. ಗರಗಸ, ಕೀಸುಳಿ ಓಡುವಷ್ಟು ವಿದ್ಯುತ್ತು ಶೆಡ್ಡಿಗಿತ್ತು, ಅದಕ್ಕೆ ಬೇಕಾದಷ್ಟು ಬಂದಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಯಾವಾಗ ಎಂದು ಕೇಳಿದರೆ ಸಾಹೇಬರು, "ಫೈಲು ಮೂವ್ ಆಗಿದೆ" ಎನ್ನುತ್ತಿದ್ದರು. ಎತ್ತ ಮೂವ್ ಆಗಿದೆ ಎಂದು ಕೇಳುವಂತಿರಲಿಲ್ಲ. ಹೆಗ್ಗಡದೇವನಕೋಟೆ ಕಡೆಯಿಂದ ಬಂದ ಹೆಬ್ಬೇವಿನ ದಿಮ್ಮಿಗಳನ್ನು ಕೊಯ್ದು ಹಲಗೆ ಮಾಡಿ ಶೆಡ್ಡಿನ ಹಿಂದೆ ನೆರಳಿಗೆ ಒಟ್ಟಿದ್ದೆವು. ಆರು ವಾರವಾದರೂ ತೇವ ಅಳೆಯುವ ಮೀಟರಿನ ಮುಳ್ಳು ಶೇಕಡಾ ಇಪ್ಪತ್ತರ ಕೆಳಗೆ ಇಳಿಯಲಿಲ್ಲ. ಅಂಟು ಹಿಡಿಯಲು ಹಲಗೆಯಲ್ಲಿ ನೀರಿನ ಪಾಲು ಹನ್ನೆರಡರ ಆಸುಪಾಸಿಗೆ ಬರಬೇಕು. ಅಷ್ಟೇ ಅಲ್ಲ, ಪಕ್ಕಪಕ್ಕದ ಹಲಗೆಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಆಗಿರಬೇಕು. ಇಲ್ಲದಿದ್ದರೆ ಅಂಟಿದ ಮೇಲೆ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ. ನಡುವಿನ ಅಂಟು ಬಿಡುತ್ತದೆ.

ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಒಣಗಿಸೋಣ ಎಂದವಳು ನಾನು. ಹಾಗೆಂದು ದಿನಚರಿಯಲ್ಲಿದೆ, ಅಡಿಗೆರೆ ಹಾಕಿ ಬರೆದಿದ್ದೇನೆ. ನಮ್ಮ ಸೀಮೆಯಲ್ಲಿ ಊರೂರಿಗೂ ಇಂಥ ಬ್ಯಾರನ್ನುಗಳಿವೆ. ಎತ್ತರದ ಗೋಡೆ, ಹೊರಗೆ ಒಲೆ, ಒಳಗೆ ಬಿಸಿ ಹರಿಯುವ ತಗಡಿನ ಕೊಳವೆ, ಮೇಲೆ ಗಾಳಿಕಿಂಡಿ. ಸೊಪ್ಪು ಬೇಯುವ ತಿಂಗಳುಗಳು ಬಿಟ್ಟರೆ ಉಳಿದ ಕಾಲ ಖಾಲಿ. ಸಾಹೇಬರಿಗೆ ಹೇಳಿದಾಗ ಮೊದಲು ಮುಖ ಸಿಂಡರಿಸಿದರು. ಮುಂದಿನ ಸಭೆಯಲ್ಲಿ ಅದು ಅವರದೇ ಆಲೋಚನೆಯಾಗಿತ್ತು. 'ತಂಬಾಕಿನಿಂದ ತೊಲೆಗೆ' ಎಂದು ಸಲಹೆಗಾರರು ಹೊಸ ಚಿತ್ರ ಸೇರಿಸಿದರು.

ಬ್ಯಾರನ್ನು ಕೊಟ್ಟದ್ದು ನನ್ನ ಸೋದರಮಾವ. ಹನಗೋಡಿನ ಹತ್ತಿರ ಅವರ ಊರು. ತೊಲೆಗಳು ಪರೀಕ್ಷೆಯಲ್ಲಿ ಪಾಸಾದರೆ ಘಟಕಕ್ಕೆ ಬೇಕಾದ ಮರವನ್ನೆಲ್ಲ ಮಾವನ ಬ್ಯಾರನ್ನಿನಲ್ಲೇ ಒಣಗಿಸುವುದು ಎಂದು ಸಾಹೇಬರು ಮಾತು ಕೊಟ್ಟರು. ಕಾಗದ ಕೊಡಲಿಲ್ಲ. ಮಾವ ಅದನ್ನೇ ನಂಬಿ ಆ ವರ್ಷ ಹೊಗೆಸೊಪ್ಪಿನ ಸಸಿಮಡಿ ಹಾಕಲಿಲ್ಲ. ಸಸಿಮಡಿ ಹಾಕದಿದ್ದರೆ ಆ ವರ್ಷದ ಬೆಳೆಯ ಆಸೆ ಬಿಟ್ಟಂತೆ.

"ಸಾಕು ಕಣವ್ವ ಸೊಪ್ಪಿನ ಸವಾಸ," ಎಂದರು. "ಸೌದೆ ಒಟ್ಟೂ ಒಟ್ಟೂ ಬೆನ್ನು ಬಿದ್ದೋಯ್ತು. ಇನ್ಮ್ಯಾಕೆ ನಿನ್ ಮರವೇ ನಂಗೂ ಬೆಳೆ."

"ಮಾವ, ಮೊದಲು ಒಂದು ಸಲ ನೋಡೋಣ. ಆಮೇಲೆ ಸೊಪ್ಪು ಬಿಡಿ," ಎಂದೆ. ಹಾಗೆ ಹೇಳಿದೆ ಎಂದೇ ನೆನಪು.

ಅತ್ತೆ ಒಳಗಿನಿಂದಲೇ ಕೂಗಿದರು: "ಸೊಪ್ಪು ಬೇಯ್ಸೋನು ಮರ ಬೇಯ್ಸಕ್ಕೋದ್ನಂತೆ! ಉಪ್ಪು ಕಾರ ಎಷ್ಟು ಆಕ್ಬೇಕು ಅಂತ ಕೇಳ್ಕೊಂಡು ಓಗು ಕಣವ್ವ."

ಮೊದಲ ಸರದಿ ಹಾಳಾಯಿತು. ಸೊಪ್ಪಿಗೆ ಉರಿ ಏರಿಸುವ ಲೆಕ್ಕ ಬೇರೆ: ಒಂದೆರಡು ದಿನ ಮಂದ ಉರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಿಸಿ ಏರಿಸುತ್ತ ಎಲೆ ಒಣಗಿಸಿ, ಕೊನೆಗೆ ದಂಟು ಒಣಗುವಷ್ಟು ಜೋರು ಉರಿ. ಮಾವ ಮೊದಲ ದಿನಗಳಲ್ಲಿ ತಾಳಿಕೊಂಡರು, ನಾಲ್ಕನೆಯ ದಿನ ಕೈ ತಡೆಯಲಿಲ್ಲ. ನಾನು ಹೋಗಿ ಬಾಗಿಲು ತೆಗೆಸಿದಾಗ ಹಲಗೆಗಳ ತುದಿಗಳೆಲ್ಲ ಸೀಳಿದ್ದವು. ಮೇಲಿನ ಅಟ್ಟಣೆಯ ಹಲಗೆಗಳು ದೋಣಿಯಂತೆ ಬಾಗಿದ್ದವು. ಮಾವ ಒಂದನ್ನು ಎತ್ತಿ ಕಣ್ಣಿನ ನೇರಕ್ಕೆ ಹಿಡಿದು ನೋಡಿ, "ಇದ್ರಲ್ಲಿ ಕಬಿನಿ ದಾಟ್ಬೋದು ಬುಡು," ಎಂದರು. ನಗಲಿಲ್ಲ.

ಎರಡನೆಯ ಸರದಿಗೆ ನಾನೇ ಮೊದಲ ಮೂರು ದಿನ ಅಲ್ಲಿ ಉಳಿದೆ, ಆಮೇಲೆ ಹೋಗಿ ಬಂದು ಮಾಡುತ್ತಿದ್ದೆ. ಹಲಗೆಗಳ ತುದಿಗೆ ಬಣ್ಣ ಬಳಿಸಿದೆ, ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ಪಟ್ಟಿ ಇಡಿಸಿದೆ, ಬಾಗದಂತೆ ಮೇಲೆ ಕಲ್ಲು ಹೇರಿಸಿದೆ. ಹೊರಮೈ ಬೇಗ ಒಣಗಿ ಸೀಳಬಾರದೆಂದು ಮೊದಲ ದಿನಗಳಲ್ಲಿ ಬಿಸಿ ಕೊಳವೆಯ ಪಕ್ಕ ಅಗಲದ ಪಾತ್ರೆಗಳಲ್ಲಿ ನೀರು ಇಡಿಸಿದೆ. ಆಮೇಲೆ ಪಾತ್ರೆ ತೆಗೆಸಿ, ಗಾಳಿಕಿಂಡಿಯನ್ನು ದಿನಕ್ಕೆ ಇಷ್ಟಿಷ್ಟು ತೆರೆಸುತ್ತ ಬಿಸಿ ಏರಿಸಿದೆವು. ಮಾವ ಉಷ್ಣಮಾಪಕ ನೋಡುವುದಕ್ಕೆ ಮೊದಲೇ ಗೋಡೆಗೆ ಅಂಗೈ ಇಟ್ಟು ಅಂಕಿ ಹೇಳುತ್ತಿದ್ದರು, ಒಂದೆರಡು ಡಿಗ್ರಿ ಆಚೀಚೆ. ಹನ್ನೊಂದನೆಯ ದಿನ, ಶನಿವಾರ ಸಂಜೆ, ಮೇಲಿನ ಅಟ್ಟಣೆಯಿಂದ ಕೆಳಗಿನವರೆಗೆ ಮೀಟರಿನ ಎರಡು ಮೊನೆ ಚುಚ್ಚುತ್ತ ಬಂದೆ. ಹನ್ನೆರಡು, ಹನ್ನೊಂದೂವರೆ, ಹನ್ನೆರಡು. ಆ ದಿನದ ದಿನಚರಿಯಲ್ಲಿ ಒಂದೇ ಸಾಲಿದೆ: 'ಆಯಿತು.'

ಭಾನುವಾರ ಲಾರಿ ಬರಬೇಕಿತ್ತು, ಬರಲಿಲ್ಲ. ಸೋಮವಾರ ನಾನು ಹೋಗಿ ಮತ್ತೆ ಅಳೆದು ಕಳಿಸಬೇಕಿತ್ತು. ಸಾಹೇಬರು ಪಿರಿಯಾಪಟ್ಟಣಕ್ಕೆ ಕರೆಸಿದರು. ಉದ್ಘಾಟನೆಗೆ ಮಂತ್ರಿಗಳ ದಿನಾಂಕ ಸಿಕ್ಕಿತ್ತು. ಅಂಗನವಾಡಿಯ ಗೋಡೆಗಳು ಚಾವಣಿಯಿಲ್ಲದೆ ನಿಂತಿದ್ದವು. ನಾವು ಶಾಮಿಯಾನ ಯಾವ ದಿಕ್ಕಿಗೆ ಹಾಕಿದರೆ ಮಂತ್ರಿಗಳ ಮುಖಕ್ಕೆ ಬಿಸಿಲು ಬೀಳುವುದಿಲ್ಲ ಎಂದು ಅರ್ಧ ದಿನ ಚರ್ಚಿಸಿದೆವು. ಮರವಿಜ್ಞಾನ ಓದಿದ್ದೀರಲ್ಲ, ಸೂರ್ಯ ಎತ್ತ ಬರ್ತಾನೆ ಹೇಳಿ ಎಂದು ಒಬ್ಬರು ಕೇಳಿದರು. ಹೇಳಿದೆ. ಮಂಗಳವಾರ ಬೆಳಿಗ್ಗೆ ಲಾರಿ ಹೋಗಿ ಹಲಗೆಗಳನ್ನು ತಂದಿತು. ಅಂಟು ಹಚ್ಚುವ ದಿನದ ತೇವಾಂಶವನ್ನು ಆ ದಿನವೇ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದು ನಿಯಮ. ನಾನು ಶನಿವಾರದ ಅಂಕಿಗಳನ್ನು ಮಂಗಳವಾರದ ದಿನಾಂಕದ ಮುಂದೆ ಬರೆದು ಸಹಿ ಮಾಡಿದೆ. ಇದು ನನಗೆ ಚೆನ್ನಾಗಿ ನೆನಪಿದೆ, ಇದರಲ್ಲಿ ಅನುಮಾನವಿಲ್ಲ.

ಮೇಸ್ತ್ರಿ ಮತ್ತು ನಾಲ್ವರು ಕೆಲಸಗಾರರು ಹಲಗೆಗಳನ್ನು ಕೀಸುಳಿ ಯಂತ್ರಕ್ಕೆ ಕೊಟ್ಟು ನುಣುಪು ಮಾಡಿ, ಅಂಟು ಹಚ್ಚಿ, ಎಂಟೆಂಟು ಪದರ ಜೋಡಿಸಿ, ಹಿಡಿಕೆಗಳ ಬೋಲ್ಟನ್ನು ನಡುವಿನಿಂದ ತುದಿಗಳ ಕಡೆಗೆ ಬಿಗಿಯುತ್ತ ಹೋದರು. ಅಂಟು ಬದಿಗಳಲ್ಲಿ ಮಣಿಮಣಿಯಾಗಿ ಒಸರಬೇಕು, ಒಸರಿತು. ಮೂರು ದಿನದಲ್ಲಿ ಆರು ತೊಲೆ. ಬಿಚ್ಚಿ ನೋಡಿದಾಗ ನಾನು ಒಂದನ್ನು ಕೈಯಿಂದ ಸವರಿದೆ. ಚೆಲುವಾಗಿದ್ದವು. ಯಾರನ್ನೂ ಬಯ್ಯದ ಎರಡು ವಾರ ಅದಾದ ಮೇಲೆ ಕಳೆದವು, ದಿನಚರಿಯಲ್ಲಿ ಹೆಚ್ಚು ಏನೂ ಇಲ್ಲ.

ಬಿಸಿಲು ಜೋರಾಗುತ್ತಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿ ನನ್ನನ್ನು ಕರೆದು ಎರಡನೆಯ ತೊಲೆಯ ತುದಿ ತೋರಿಸಿದರು. ಶೇವಿಂಗ್ ಬ್ಲೇಡನ್ನು ಪದರಗಳ ನಡುವಿನ ಗೆರೆಗೆ ಇಟ್ಟು ಒತ್ತಿದರು. ಅರ್ಧ ಬ್ಲೇಡು ಒಳಗೆ ಹೋಯಿತು.

"ಬಾಯಿ ಬಿಡ್ತಾ ಇದೆ ಮೇಡಂ."

"ಒಂದೇನಾ?"

"ಎಲ್ಲ ನೋಡಿದೆ. ತುದಿಗೆ ಕೆಳಗಿನ ಅಟ್ಟಣೆ ಗುರುತಿರೋ ಹಲಗೆ ಎಲ್ಲಿ ಸೇರಿದೆಯೋ ಅಲ್ಲೆಲ್ಲ." ಬ್ಲೇಡನ್ನು ಹೊರಗೆ ಎಳೆದು, "ಹಲಗೆ ಬಂದ ದಿನಾನೇ ಕೆನ್ನೆಗೆ ಇಟ್ಟು ನೋಡಿದ್ದೆ. ತಣ್ಣಗಿತ್ತು. ಒಣಗಿದ ಮರ ತಣ್ಣಗಿರಲ್ಲ. ಆದ್ರೆ ರಿಜಿಸ್ಟರ್‌ನಲ್ಲಿ ಹನ್ನೆರಡು ಅಂತ ಸೈನ್ ಆಗಿತ್ತಲ್ಲ. ಓದಿರೋರು ಬರೆದಿದಾರೆ, ನನ್ನ ಕೆನ್ನೆ ಯಾವ ಲೆಕ್ಕ ಅಂತ ಸುಮ್ನಾದೆ" ಎಂದರು.

ನಾನು ಆರೂ ತೊಲೆಗಳ ತುದಿಯಿಂದ ಒಂದೊಂದು ಬಿಲ್ಲೆ ಕೊಯ್ಯಿಸಿದೆ. ಒಂದು ದಿನ ನೀರಿನಲ್ಲಿ ಮುಳುಗಿಸಿ, ಆಮೇಲೆ ಓವನ್ನಿನಲ್ಲಿ ಒಣಗಿಸಿದೆ. ಒಳ್ಳೆಯ ಅಂಟುಗೆರೆ ಇದನ್ನು ತಡೆದುಕೊಳ್ಳಬೇಕು. ನಾಲ್ಕು ಬಿಲ್ಲೆಗಳನ್ನು ನಾನು ಕೈಯಿಂದಲೇ ಬಿಡಿಸಿದೆ, ಪುಸ್ತಕದ ಹಾಳೆ ತೆರೆದ ಹಾಗೆ. ಉಳಿದೆರಡರಲ್ಲಿ ಉಗುರು ಹೋಗುವಷ್ಟು ಸಂದು.

ಮಧ್ಯಾಹ್ನ ಹನಗೋಡಿನ ಬಸ್ಸು ಹತ್ತಿದೆ. ಮಾವ ಹೊಲದಲ್ಲಿದ್ದರು. ಅತ್ತೆ ರಾಗಿ ಹಸನು ಮಾಡುತ್ತ ಕೂತಿದ್ದರು. ಲಾರಿ ಬರುವುದಕ್ಕೆ ಮೊದಲು ಮಳೆಯೇನಾದರೂ ಬಂದಿತ್ತೇ, ಸೂರು ಸೋರಿತ್ತೇ ಎಂದು ಕೇಳಿದೆ.

"ಮಳೆ ಎಲ್ಲಿಂದ ಬಂದದು? ನಿಮ್ ಮಾವನೇ ನೀರ್ ಚೆಲ್ಲಿದ್ದು ಕಣವ್ವ. ನೀನು ಅಳೆದ್ಬುಟ್ಟು ಓದ್ಯಲ್ಲ, ಮಾರನೇ ದಿಸವೇ ನೆಲಕ್ಕೆಲ್ಲ ಕೊಡಗಟ್ಲೆ ನೀರು. ಗೋಣಿಚೀಲ ನೆನ್ಸಿ ಕೊಳವೆ ಮ್ಯಾಲೆಲ್ಲ ಆಸುದ್ರು. ಎರಡು ದಿಸ ಬಾಗ್ಲು ಕಿಂಡಿ ಎಲ್ಲ ತೆರೆದೇ ಇತ್ತು. ಸರಕಾರದ ಮರ ಅಂತ ನನ್ ಕೈಲೂ ಎರಡು ಕೊಡ ಒರ್ಸುದ್ರು."

ನನಗೆ ಆಗ ಅರ್ಥವಾಯಿತು. ಹೊಗೆಸೊಪ್ಪು ಬೆಂದ ಮೇಲೆ ಯಾರೂ ಅದನ್ನು ಹಾಗೆಯೇ ಇಳಿಸುವುದಿಲ್ಲ. ಗರಿಗರಿಯಾದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಬ್ಯಾರನ್ನಿನ ಬಾಗಿಲು ತೆರೆದು, ನೆಲಕ್ಕೆ ನೀರು ಚಿಮುಕಿಸಿ, ಎಲೆ ಗಾಳಿಯ ತೇವ ಕುಡಿದು ಮೆತ್ತಗಾದ ಮೇಲೆಯೇ ಇಳಿಸುವುದು. ಇಪ್ಪತ್ತೈದು ವರ್ಷ ಬೆಳೆ ಬೆಳೆದ ಯಾವನೂ ಅದನ್ನು ಮರೆಯುವುದಿಲ್ಲ. ಮಾವ ನನ್ನ ಹಲಗೆಗಳಿಗೂ ಅದೇ ಮರ್ಯಾದೆ ಮಾಡಿದ್ದರು. ಹನ್ನೊಂದು ದಿನ ಉರಿ ಕಾಯ್ದು ಹೊರಗೆ ಹಾಕಿದ ನೀರನ್ನು ಎರಡು ದಿನದಲ್ಲಿ ಅರ್ಧದಷ್ಟು ಮರಳಿ ಕುಡಿಸಿದ್ದರು. ನೆಲಕ್ಕೆ ಹತ್ತಿರವಿದ್ದ ಕೆಳಗಿನ ಅಟ್ಟಣೆಯವು ಹೆಚ್ಚು ಕುಡಿದಿದ್ದವು, ಮೇಲಿನವು ಕಡಿಮೆ.

ಹೊಲದಿಂದ ಬಂದ ಮಾವನಿಗೆ ಹೇಳಿದೆ. ಅವರಿಗೆ ತಕ್ಷಣ ನಂಬಿಕೆ ಬರಲಿಲ್ಲ.

"ಒಣಗಿಸಿದ್ದನ್ನ ಅಂಗೇ ಕಳಿಸಕ್ಕಾಯ್ತದಾ? ದಾರೀಲಿ ಬಿರುಕು ಬುಟ್ರೆ ನಿನ್ ಹೆಸರು ಕೆಡ್ತದೆ ಅಂತ ಮಾಡ್ದೆ."

ನಾನು ಏನು ಉತ್ತರ ಕೊಟ್ಟೆ ಎಂಬುದು ದಿನಚರಿಯಲ್ಲಿಲ್ಲ. ಕಾಫಿ ಕುಡಿಯದೆ ಎದ್ದು ಬಂದೆ ಎಂದಿದೆ.

ಸಾಹೇಬರ ಕೋಣೆಯಲ್ಲಿ ಸಭೆಯಾಯಿತು. ಬಿಡಿಸಿದ ಬಿಲ್ಲೆಗಳನ್ನು ಮೇಜಿನ ಮೇಲೆ ಇಟ್ಟು, ಬ್ಯಾರನ್ನಿನಲ್ಲಿ ಹಲಗೆ ನೀರು ಕುಡಿದದ್ದನ್ನು ಹೇಳಿದೆ. ಸಾಹೇಬರು ಒಂದನ್ನು ಎತ್ತಿ ತಿರುಗಿಸಿ ನೋಡಿ, ಕಾಗದ ಹಾರದಂತೆ ಫೈಲಿನ ಮೇಲೆ ಇಟ್ಟುಕೊಂಡರು.

"ಮಂತ್ರಿಗಳ ಪ್ರೋಗ್ರಾಂ ಇನ್ನು ಹನ್ನೆರಡು ದಿನ ಇದೆ. ಅಷ್ಟರಲ್ಲಿ ಹೊಸದು ಆಗುತ್ತಾ?"

"ಇಲ್ಲ ಸಾರ್."

"ಹಾಗಾದ್ರೆ ಇದನ್ನೇ ಅಡ್ಜಸ್ಟ್ ಮಾಡಿ."

ಸಲಹೆಗಾರರು ಫೋನಿನಲ್ಲಿದ್ದರು. ಅವರಿಗೆ ಗಾಬರಿಯೇನೂ ಆಗಿರಲಿಲ್ಲ. ಸಂದುಗಳಿಗೆ ಪುಟ್ಟಿ ತುಂಬಿ ವಾರ್ನಿಶ್ ಹೊಡೆಯಿರಿ, ಅಲ್ಲಲ್ಲಿ ಕಬ್ಬಿಣದ ಪಟ್ಟಿ ಸುತ್ತಿ, ಅದು ವಿನ್ಯಾಸದ ಭಾಗದ ಹಾಗೆ ಕಾಣುತ್ತದೆ, ಕಾರ್ಯಕ್ರಮ ಮುಗಿದ ಮೇಲೆ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಬಿಡಿ ಎಂದರು. ಫಾಲ್ಸ್ ಸೀಲಿಂಗಿನ ಮೇಲೆ ಅಂಗನವಾಡಿ ಮಕ್ಕಳಿಗೆ ಮೋಡಗಳ ಚಿತ್ರ ಬರೆಸಬಹುದು ಎಂದೂ ಹೇಳಿದರು. ಸಾಹೇಬರಿಗೆ ಮೋಡ ಹಿಡಿಸಿತು.

"ಸಾರ್, ಕೆಳಗೆ ಮಕ್ಕಳು ಕೂರ್ತಾರೆ."

"ನಾಳೆಯೇ ಬೀಳುತ್ತಾ ಅದು?"

"ನಾಳೆ ಬೀಳಲ್ಲ. ಯಾವಾಗ ಬೀಳುತ್ತೆ ಅಂತ ಹೇಳಕ್ಕಾಗಲ್ಲ."

"ಹೇಳಕ್ಕಾಗಲ್ಲ ಅಂದ್ರೆ ನೀವು ಟೆಕ್ನಿಕಲ್ ಆಫೀಸರ್ ಹೇಗಮ್ಮ?" ಎಂದರು. ಸುತ್ತ ಇದ್ದವರು ನಕ್ಕರು. ಆ ನಗು ನೆನಪಿದೆ. ಒಬ್ಬರ ಮುಖವೂ ನೆನಪಿಲ್ಲ.

ಲಿಖಿತವಾಗಿ ತಿರಸ್ಕರಿಸಬಹುದಿತ್ತು. ತಿರಸ್ಕಾರದ ಪತ್ರ ಆವಕ ವಿಭಾಗಕ್ಕೆ ಹೋಗಿ, ಅಲ್ಲಿಂದ ಸಾಹೇಬರ ಮೇಜಿಗೆ ಬಂದು, ಕಾರ್ಯಕ್ರಮದ ಮರುದಿನ ಅದರ ಮೇಲೆ 'ಚರ್ಚಿಸಿ' ಎಂದು ಬರೆಯಲಾಗುತ್ತಿತ್ತು. ತೊಲೆಗಳು ಅಷ್ಟರಲ್ಲಿ ಗೋಡೆಯ ಮೇಲೆ ಇರುತ್ತಿದ್ದವು. ಮಾರನೆಯ ಬೆಳಿಗ್ಗೆ ಎಂಟಕ್ಕೇ ಶೆಡ್ಡಿಗೆ ಹೋದೆ. ಮೇಸ್ತ್ರಿ ಪುಟ್ಟಿಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು, ತೆರೆದಿರಲಿಲ್ಲ.

"ಮೇಸ್ತ್ರಿ, ಇವನ್ನು ಕೊಯ್ಯಬೇಕು."

"ಇನ್ನೊಂದು ಬಿಲ್ಲೆನಾ?"

"ಇಲ್ಲ. ಆರನ್ನೂ ನಡುಮಧ್ಯಕ್ಕೆ."

ಅವರು ನನ್ನ ಮುಖ ನೋಡಿದರು. "ಸರ್ಕಾರಿ ಮಾಲು ಮೇಡಂ. ನಿಮ್ಮ ನೌಕರಿ ಹೋಗುತ್ತೆ."

"ಸ್ಟಾಕ್ ಬುಕ್ಕಿನಲ್ಲಿ ನಾನು ಬರೀತೀನಿ. ಪರೀಕ್ಷೆಗಾಗಿ ಕೊಯ್ದದ್ದು ಅಂತ. ಸ್ವಿಚ್ ನಾನೇ ಹಾಕ್ತೀನಿ."

"ಸ್ವಿಚ್ ಯಾರಾದ್ರೂ ಹಾಕ್ತಾರೆ. ಮರ ನೇರ ಹಿಡಿಯೋದು ನಾನು," ಎಂದು ಎದ್ದರು. "ನಮ್ಮ ಅಬ್ಬಾ ಹೇಳೋರು, ಕೆಟ್ಟ ಕೆಲಸ ಮಾಡಿದ್ರೆ ನೀನೇ ಒಡೆದುಹಾಕು, ಇನ್ನೊಬ್ಬರ ತಲೆ ಮೇಲೆ ಒಡೀಬಾರ್ದು ಅಂತ. ಹಿಡೀರಿ ಆ ಕಡೆ."

ಆರು ತೊಲೆ ಕೊಯ್ಯಲು ಒಂದು ಗಂಟೆಯೂ ಬೇಕಾಗಲಿಲ್ಲ. ನಾಲ್ಕನೆಯದು ಗರಗಸ ಮುಟ್ಟುತ್ತಿದ್ದ ಹಾಗೆ ಉದ್ದಕ್ಕೂ ಪದರ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಮೇಸ್ತ್ರಿ ಹಿಂದಕ್ಕೆ ಜಿಗಿದು, ಆ ಚೂರುಗಳನ್ನು ಕಾಲಿನಿಂದ ಸರಿಸಿ, ಐದನೆಯದನ್ನು ಎತ್ತಿದರು. ನನಗೆ ಆ ಹೊತ್ತಿನಲ್ಲಿ ಸಂತೋಷವಾಯಿತು. ದಿನಚರಿಯಲ್ಲಿ ಅದನ್ನು ಐದು ಪುಟ ಬರೆದಿದ್ದೇನೆ. ಈಗ ಓದಿದರೆ ಎಲ್ಲವನ್ನೂ ಒಬ್ಬಳೇ ಮಾಡಿದವಳ ಹಾಗೆ ಬರೆದಿದ್ದೇನೆ. ಮೇಸ್ತ್ರಿ ಎರಡು ಸಾಲಿನಲ್ಲಿ ಬಂದು ಹೋಗುತ್ತಾರೆ.

ಮಂತ್ರಿಗಳು ಬಂದರು. ಅಂಗನವಾಡಿಗೆ ಕಬ್ಬಿಣದ ಪೈಪು, ತಗಡಿನ ಶೀಟು ಹಾಕಿಸಿದ್ದರು. ಸ್ಥಳೀಯ ಮರದಿಂದ ಕಟ್ಟಿದ ರಾಜ್ಯದ ಮೊದಲ ಕಟ್ಟಡ ಎಂದು ಕಲ್ಲಿನಲ್ಲಿ ಮೊದಲೇ ಕೆತ್ತಿಸಿ ಆಗಿತ್ತು, ಅದನ್ನೇ ಅನಾವರಣ ಮಾಡಿದರು. ಮಂತ್ರಿಗಳು ತಗಡಿನ ಕೆಳಗೆ ನಿಂತು ಮರದ ಭವಿಷ್ಯದ ಬಗ್ಗೆ ಮಾತನಾಡಿದರು. ಜನ ಚಪ್ಪಾಳೆ ತಟ್ಟಿದರು. ಯಾರೂ ತಲೆ ಎತ್ತಿ ನೋಡಲಿಲ್ಲ. ಸಲಹೆಗಾರರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಿದರು.

ಅದಾದ ವಾರಕ್ಕೆ ಸಾಹೇಬರು ಕರೆಸಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಕುರ್ಚಿ ತೋರಿಸಿದರು.

"ನೋಡೀಮ್ಮ, ಆರು ತೊಲೆ ಬುಕ್ಕಲ್ಲಿದೆ, ಶೆಡ್ಡಲ್ಲಿ ಇಲ್ಲ. ಯಾಕೆ ಕೆಟ್ಟೋಯ್ತು ಅಂತ ವರದಿ ಬೇಕು. ಮೆಷಿನ್ನು ಅಂತ ಬರೆದ್ರೆ ಖರೀದಿಗೆ ಬರುತ್ತೆ. ಕರೆಂಟು ಅಂತ ಬರೆದ್ರೆ ನನಗೆ ಬರುತ್ತೆ. ಒಣಗಿಸಿದ ಜಾಗದಲ್ಲಿ ಆಗಿದೆ ಅಂತ ನೀವೇ ಹೇಳಿದೀರ. ಅದನ್ನೇ ಬರೀರಿ. ಇಲ್ಲಾಂದ್ರೆ ಆ ರಿಜಿಸ್ಟರ್‌ನಲ್ಲಿರೋ ಸೈನು ನಿಮ್ಮದೇ ಅಲ್ವಾ?"

ಅವರಿಗೆ ರಿಜಿಸ್ಟರಿನ ವಿಷಯ ಹೇಗೆ ತಿಳಿಯಿತೋ. ಬಹುಶಃ ತಿಳಿದಿರಲಿಲ್ಲ, ಸುಮ್ಮನೆ ಕಲ್ಲು ಎಸೆದು ನೋಡಿದರು. ನಾನು ಬೆಚ್ಚಿದೆ.

ವರದಿ ಬರೆದೆ. ಭಾಷೆ ಚೆನ್ನಾಗಿದೆ, ನನಗೆ ಆ ಭಾಷೆ ಬರುತ್ತದೆ. 'ದಾಖಲೆಯ ಪ್ರಕಾರ ಹಲಗೆಗಳ ತೇವಾಂಶ ನಿಗದಿತ ಮಟ್ಟದಲ್ಲಿದ್ದು, ತದನಂತರ ಬ್ಯಾರನ್ ಮಾಲೀಕರು ತಾಂತ್ರಿಕ ಸೂಚನೆಯನ್ನು ಉಲ್ಲಂಘಿಸಿ ನೀರು ಬಳಸಿದ್ದರಿಂದ' ಎಂದು ಮೊದಲ ವಾಕ್ಯ. ಸುಳ್ಳು ದಾಖಲೆಯನ್ನೇ ಸಾಕ್ಷಿಯಾಗಿ ಇಟ್ಟಿದ್ದೆ. ಮಾಲೀಕರು ನನಗೆ ಏನಾಗಬೇಕು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಸಾಹೇಬರು ಓದಿ, "ಒಳ್ಳೆ ಡ್ರಾಫ್ಟು" ಎಂದರು. ಅವರನ್ನು ಕಂಡರೆ ನನಗೆ ಹೇಸಿಗೆ. ಅವರು ಮೆಚ್ಚಿದಾಗ ಹಗುರವಾದದ್ದೂ ನಿಜ.

ಮಾವನಿಗೆ ಕೊಟ್ಟಿದ್ದ ಮಾತು ಅಲ್ಲಿಗೆ ಹೋಯಿತು. ಮುಂದಿನ ಮರ ಕೃಷ್ಣರಾಜನಗರದ ಕಡೆಯ ಬೇರೆ ಯಾರದೋ ಬ್ಯಾರನ್ನಿಗೆ ಹೋಗುತ್ತದೆ ಎಂದರು; ಅದೂ ಹೋಗಲಿಲ್ಲ, ಯೋಜನೆಯೇ ಮತ್ತೊಂದು ಹೆಸರು ಪಡೆದು ಮತ್ತೊಂದು ಕಡೆಗೆ ಹೊರಟಿತು. ನನ್ನ ಗುತ್ತಿಗೆ ಮುಗಿಯಿತು. ಒಣಗಿಸುವ ಯಂತ್ರ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಮಾವ ಮೇ ತಿಂಗಳಲ್ಲಿ ಪಕ್ಕದೂರಿನವರ ಮಡಿಯಲ್ಲಿ ಉಳಿದಿದ್ದ ಸಸಿ ಬೇಡಿ ತಂದು ನೆಟ್ಟರು. ಬೇಡುವ ಅಭ್ಯಾಸ ಅವರಿಗಿರಲಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದರು. ವರದಿಯ ಬಗ್ಗೆ ಅಮ್ಮನಿಗೆ ತಿಳಿದಿರಲಿಲ್ಲ. ಮಾವನಿಗೆ ತಿಳಿದಿತ್ತು. ಇಲಾಖೆಯಿಂದ ಅವರಿಗೆ ಒಂದು ಪ್ರತಿ ಹೋಗಿತ್ತು, ಅದರ ಕೊನೆಯಲ್ಲಿ ನನ್ನ ಸಹಿ.

ಇಲ್ಲಿಗೆ ಇದು ಮುಗಿಯಬೇಕಿತ್ತು. ಆದರೆ ಇದನ್ನು ಬರೆಯಲೆಂದು ಹಳೆಯ ಕಾಗದಗಳನ್ನು ತೆರೆದಾಗ, ಎರಡನೆಯ ಸರದಿಗೆ ಮಾವನ ಮನೆಯಲ್ಲಿದ್ದ ಮೂರು ದಿನಗಳ ಪುಟ ಖಾಲಿ ಇರುವುದು ಕಂಡಿತು. ಆ ಮೂರು ದಿನ ನಾನು ಒಲೆಯ ಮುಂದೆ ಕೂತು ಬಹಳ ಮಾತನಾಡಿದ್ದೇನೆ. ಮಾವ ಕೇಳುತ್ತಿದ್ದರು, ನಾನು ಓದಿದ್ದನ್ನು ಹೇಳುತ್ತಿದ್ದೆ. ದೊಡ್ಡ ಒಣಗುಕೋಣೆಗಳಲ್ಲಿ ಮರ ಒಣಗಿದ ಮೇಲೆ, ಒಳಗಿನ ಬಿಗಿ ಸಡಿಲವಾಗಲೆಂದು ಕೊನೆಗೆ ಸ್ವಲ್ಪ ಹೊತ್ತು ಆವಿ ಕೊಡುವ ಪದ್ಧತಿಯಿದೆ. ಅಳೆದು, ಗಂಟೆಗಳ ಲೆಕ್ಕದಲ್ಲಿ ಕೊಡುವುದು. ಅದನ್ನು ನಾನು ಒಬ್ಬರಿಗೆ ಉತ್ಸಾಹದಿಂದ ವಿವರಿಸಿದ್ದು ನೆನಪಿದೆ; 'ನಿಮ್ಮ ಸೊಪ್ಪಿಗೆ ಮಾಡೋ ಹಾಗೇನೇ' ಎಂದು ಸೇರಿಸಿದ್ದೂ ನೆನಪಿದೆ. ಎದುರಿಗೆ ಯಾರಿದ್ದರು? ತರಬೇತಿಗೆ ಬಂದ ಬಡಗಿಗಳಲ್ಲಿ ಸೊಪ್ಪು ಬೆಳೆಯುವವರೂ ಇದ್ದರು, ಅವರಿಗೆ ಹೇಳಿರಬಹುದು. ಒಲೆಯ ಮುಂದೆಯೂ ಹೇಳಿರಬಹುದು. ಹಾಗಿದ್ದರೆ ಮಾವ ಉಲ್ಲಂಘಿಸಿದ ತಾಂತ್ರಿಕ ಸೂಚನೆ ಯಾವುದು? ಕೊನೆಗೆ ನೀರು ಬೇಡ ಎಂದು ನಾನು ಹೇಳಿದ್ದು ಎಲ್ಲಿಯೂ ಬರೆದಿಲ್ಲ, ನೆನಪಿನಲ್ಲೂ ಸಿಗುವುದಿಲ್ಲ.

ಊರಿಗೆ ಹೋದೆ. ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಮಾವ, ಅತ್ತೆ ಜಗಲಿಯ ಮೇಲೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದರು. ಅತ್ತೆ ಎದ್ದು ಒಳಗೆ ಹೋದರು. ಕಾಫಿ ತಂದಿಟ್ಟು ಮತ್ತೆ ಒಳಗೆ ಹೋದರು. ನಾನು ಅತ್ತೆಯ ಜಾಗದಲ್ಲಿ ಕೂತು ಸೊಪ್ಪು ಎತ್ತಿ ಎತ್ತಿ ಕೊಡತೊಡಗಿದೆ. ಮಾವ ಬೇಡವೆನ್ನಲಿಲ್ಲ. ಮೂರು ಕಡ್ಡಿ ತುಂಬಿದ ಮೇಲೆ ಕೇಳಿದೆ. ಅವರ ಕೈ ನಿಲ್ಲಲಿಲ್ಲ, ನಾಲ್ಕನೆಯ ಕಡ್ಡಿ ತೆಗೆದುಕೊಂಡರು. ಸಂಜೆ ಬಸ್ಸಿಗೆ ಹೊರಡುವವರೆಗೂ, ಅದಾದ ಮೇಲೆ ಫೋನ್ ಮಾಡಿದ ಎರಡು ಸಲವೂ, ಅವರು ಮಳೆಯ ವಿಷಯ ಮಾತನಾಡಿದರು, ಅಮ್ಮನ ಮಂಡಿನೋವಿನ ವಿಷಯ ಮಾತನಾಡಿದರು. ನಾನು ಕೇಳಿದ್ದು ಇಷ್ಟೇ:

"ಮಾವ, ಕೊನೇಲಿ ನೀರು ಕೊಡಬೇಕು ಅಂತ ನಾನೇ ಹೇಳಿದ್ನಾ?"